ಅವ್ವನ ಜೊತೆ ಬೆನ್ನಿನ ಕಸರತ್ತು

ನಮ್ಮ ಮನೆಯಲ್ಲಿ ಬೆನ್ನುನೋವನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಕೆಲಸದಲ್ಲಿದ್ದ ಅಪ್ಪಾಜಿಗೆ ಬೆನ್ನು ನೋಯುತ್ತಿತ್ತು. ಕ್ವಾರ್ಟರ್ಸಿನ ಸಾಲು ಮುಗಿಯುವಲ್ಲಿದ್ದ ನಲ್ಲಿಯಿಂದ ಕೊಡ ಹೊತ್ತು ತರುತ್ತಿದ್ದ ಅವ್ವನಿಗೂ ನೋಯುತ್ತಿತ್ತು. ಪಕ್ಕದ ಮನೆಯ ಕಣ್ಣಮ್ಮ ಸಂಜೆ ಬಾಗಿಲಲ್ಲಿ ಕೂತು ಸೊಂಟ ಹಿಡಿದುಕೊಂಡು ತಮಿಳಿನಲ್ಲಿ ಏನೋ ಗೊಣಗಿದರೆ ಅದೂ ಬೆನ್ನಿನ ವಿಚಾರವೇ ಆಗಿರುತ್ತಿತ್ತು. ಹಾಗಾಗಿ ನನಗೆ ನೋವು ಶುರುವಾದಾಗ ಅವ್ವ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದಳು. ರೈಲಿನ ಹಲಗೆ ಸೀಟಿನ ಮೇಲೆ ಟವೆಲ್ ಮಡಿಸಿ ಹಾಕಿಕೊಂಡು ಕೂರಬೇಕೆಂದು ಅಪ್ಪಾಜಿ ಹೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಅರವತ್ತನೇ ಇಸವಿಯ ಆಸುಪಾಸು ಅದು. ನನಗೆ ಆಗ ಇಪ್ಪತ್ತಮೂರು ವರ್ಷ. ಅಕ್ಕ ಮದುವೆಯಾಗಿ ಹೊನ್ನಾಳಿಗೆ ಹೋಗಿದ್ದಳು, ಮನೆಯಲ್ಲಿ ಉಳಿದ ಮಗಳು ನಾನೊಬ್ಬಳೇ. ಟೀಚರ್ ಟ್ರೈನಿಂಗ್ ಮುಗಿಸಿ ಶಿವಮೊಗ್ಗದ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆ ಭದ್ರಾವತಿಯಲ್ಲಿ ರೈಲು ಹತ್ತುವುದು, ಶಿವಮೊಗ್ಗದಲ್ಲಿ ಇಳಿದು ನಡೆದು ಹೋಗಿ ಮಕ್ಕಳಿಗೆ ಪಾಠ ಹೇಳುವುದು, ಸಂಜೆ ಅದೇ ರೈಲಿಗೆ ಕಾಯುವುದು. ನಮ್ಮ ಕಡೆಯಲ್ಲಿ ಸಂಬಳ ತರುವ ಹೆಣ್ಣುಮಕ್ಕಳು ಅಪರೂಪ. ಅಪ್ಪಾಜಿ ಹೊರಗೆ ಯಾರ ಮುಂದೆಯೂ ನನ್ನನ್ನು ಹೊಗಳಿದವರಲ್ಲ. ಆದರೆ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತರೆ ತಾವೇ ಹೊಲಿಸಿಕೊಂಡು ಬರುತ್ತಿದ್ದರು.

ನೋವು ಹೋಗಲಿಲ್ಲ. ಸಂಜೆಯಾದರೆ ಮೈ ಸ್ವಲ್ಪ ಬಿಸಿಯಾಗುತ್ತಿತ್ತು. ರವಿಕೆಗಳು ಸಡಿಲವಾದವು. ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಬೇಕಾದರೆ ಮೊದಲು ಮೇಜು ಹಿಡಿದು, ಆಮೇಲೆ ಮಂಡಿಯೂರಿ, ಕೊನೆಗೆ ಕೈ ಚಾಚುತ್ತಿದ್ದೆ. ಮಕ್ಕಳು ಅದನ್ನು ಆಟವೆಂದುಕೊಂಡು ತಾವೂ ಹಾಗೇ ಮಾಡುತ್ತಿದ್ದವು. ಒಂದು ಭಾನುವಾರ ಎಣ್ಣೆ ತಿಕ್ಕುತ್ತಿದ್ದ ಅವ್ವನ ಕೈ ನನ್ನ ಬೆನ್ನ ನಡುವೆ ನಿಂತಿತು. ಇಲ್ಲೇನೋ ಗಂಟಿನ ಹಾಗಿದೆ ಎಂದಳು. ಮತ್ತೆ ಮತ್ತೆ ಮುಟ್ಟಿ ನೋಡಿದಳು. ಗಂಟಲ್ಲ, ಮೂಳೆಯೇ ಹೊರಗೆ ಬಂದ ಹಾಗಿದೆ ಎಂದು ತಾನೇ ತಿದ್ದಿಕೊಂಡಳು. ಆಮೇಲೆ ಎಣ್ಣೆಯ ಬಟ್ಟಲು ತೆಗೆದುಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅದಾದ ಕೆಲವು ದಿನಕ್ಕೆ ಶಿವಮೊಗ್ಗ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದವಳಿಗೆ ಕಾಲು ಎತ್ತಿಡಲು ಆಗಲಿಲ್ಲ. ಕಾಲು ಮರಗಟ್ಟಿದ್ದಲ್ಲ, ನನ್ನ ಮಾತು ಕೇಳದಷ್ಟು ಭಾರವಾಗಿತ್ತು. ಪ್ಲಾಟ್‌ಫಾರಂ ಮೇಲೆ ಒಂದು ಅಕ್ಕಿ ಮೂಟೆಗೆ ಒರಗಿ ಕೂತುಬಿಟ್ಟೆ. ನಮ್ಮ ಶಾಲೆಯ ಹೆಡ್ಮಿಸ್ಟ್ರೆಸ್ ವಿಷಯ ತಿಳಿದು ಜಟಕಾ ಮಾಡಿಸಿಕೊಂಡು ಬಂದರು, ನೇರ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರು ಸಿಡುಕಿನ ಹೆಂಗಸು, ನನಗೆ ಅವರನ್ನು ಕಂಡರೆ ಹೆದರಿಕೆಯಿತ್ತು. ಆ ದಿನ ಜಟಕಾ ಹಳ್ಳ ಹತ್ತಿಳಿದಾಗಲೆಲ್ಲ ಅವರು ನನ್ನ ಸೊಂಟದ ಹಿಂದೆ ತಮ್ಮ ಕೈಚೀಲ ಒತ್ತಿ ಹಿಡಿದಿದ್ದರು.

ಎಕ್ಸ್‌ರೇ ಕೋಣೆಯ ಮುಂದೆ ಒಂದೇ ಬೆಂಚು. ಅದರಲ್ಲಿ ಒರಗುವುದಕ್ಕೆ ಏನೂ ಇರಲಿಲ್ಲ. ಬೆನ್ನು ಕೆಟ್ಟವರನ್ನು ಕೂರಿಸುವ ಜಾಗದಲ್ಲಿ ಒರಗು ಇಲ್ಲದ ಬೆಂಚು ಹಾಕಿದವರು ಯಾರೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಪಕ್ಕದಲ್ಲಿ ಗಾಜನೂರು ಕಡೆಯ ಒಬ್ಬಳು ಹೆಂಗಸಿದ್ದಳು, ಗಂಡನ ಕಾಲು ಮುರಿದು ಒಳಗೆ ಕರೆದುಕೊಂಡು ಹೋಗಿದ್ದರು. ನಾನು ಅತ್ತಿತ್ತ ಸರಿದಾಡುವುದನ್ನು ನೋಡಿ, "ನನ್ ಮೈಗೆ ಒರಗ್ಕೊಳ್ಳಿ ತಾಯಿ, ನಂಗೇನೂ ಭಾರ ಆಗಲ್ಲ" ಎಂದಳು. ಒರಗಿದೆ. ಅವಳ ಸೆರಗು ಹೊಗೆ ಮತ್ತು ಸಗಣಿಯ ವಾಸನೆ ಹೊಡೆಯುತ್ತಿತ್ತು. ಅಷ್ಟು ನೆಮ್ಮದಿಯಿಂದ ನಾನು ಆ ತಿಂಗಳೆಲ್ಲ ಕೂತಿರಲಿಲ್ಲ. ಅವಳ ಹೆಸರನ್ನೂ ಕೇಳಲಿಲ್ಲ.

ಮಾರನೇ ದಿನ ಅಪ್ಪಾಜಿ ರಜೆ ಹಾಕಿ ನನ್ನ ಜೊತೆ ಬಂದರು. ಡಾಕ್ಟರು ವಯಸ್ಸಾದವರು, ಮಿತವಾಗಿ ಮಾತಾಡುವವರು. ಎಕ್ಸ್‌ರೇ ಫಿಲ್ಮನ್ನು ಕಿಟಕಿಗೆ ಹಿಡಿದು, ಇದು ಮೂಳೆಯ ಕ್ಷಯ ಎಂದರು. ಇವಳಿಗೆ ಕೆಮ್ಮೇ ಇಲ್ಲವಲ್ಲ ಎಂದು ಅಪ್ಪಾಜಿ ಕೇಳಿದರು. ಕೆಮ್ಮಿಲ್ಲದೆಯೂ ಬರುತ್ತದೆ, ಬೆನ್ನುಮೂಳೆಯ ಎರಡು ಗಿಣ್ಣು ಸವೆದಿವೆ, ಇನ್ನೂ ತಡ ಮಾಡಿದ್ದರೆ ಕಾಲು ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಈಗ ಒಳ್ಳೆಯ ಔಷಧಗಳು ಬಂದಿವೆ, ಹೆದರಬೇಡಿ ಎಂದೂ ಹೇಳಿದರು. ಅಪ್ಪಾಜಿ ಎರಡೂ ಮಾತಿಗೆ ಒಂದೇ ರೀತಿ ತಲೆಯಾಡಿಸಿದರು.

ವಾಪಸು ಬರುವಾಗ ರೈಲಿನಲ್ಲಿ ಅಪ್ಪಾಜಿ ತಾವೇ ಸೀಟಿನ ಮೇಲೆ ಟವೆಲ್ ಮಡಿಸಿ ಹಾಕಿ ನನ್ನನ್ನು ಕೂರಿಸಿದರು. ಮನೆಯಲ್ಲಿ ಅವ್ವನಿಗೆ, ಬೆನ್ನುಮೂಳೆ ಸವೆದಿದೆಯಂತೆ ಎಂದಷ್ಟೇ ಹೇಳಿದರು. ಕ್ಷಯ ಎಂಬ ಪದ ನಮ್ಮ ಮನೆಯಲ್ಲಿ ಆಮೇಲೆಯೂ ಯಾರ ಬಾಯಿಂದಲೂ ಬರಲಿಲ್ಲ. ಅವ್ವನಿಗೆ ಗೊತ್ತಾಗಿತ್ತು ಎಂಬುದು ನನಗೆ ಗೊತ್ತಿತ್ತು. ನನ್ನ ತಟ್ಟೆ ಲೋಟ ಬೇರೆ ಇಡಬೇಕೇ ಎಂದು, ನನ್ನನ್ನು ನೋಡಲು ಬಂದಿದ್ದ ಅಕ್ಕ ಮೆಲ್ಲಗೆ ಕೇಳಿದ್ದಕ್ಕೆ ಅವ್ವ ಅವಳ ಎದುರಿಗೇ ನನ್ನ ಲೋಟದಲ್ಲಿ ಉಳಿದಿದ್ದ ಮಜ್ಜಿಗೆ ಕುಡಿದಳು.

ಪ್ಲಾಸ್ಟರ್ ಹಾಕುವ ದಿನ ಕೊರಳಲ್ಲಿದ್ದ ಲಿಂಗ ತೆಗೆಯಬೇಕು ಎಂದರು. ಕಂಕುಳಿಂದ ಸೊಂಟದ ಕೆಳಗಿನವರೆಗೆ ಒದ್ದೆ ಪಟ್ಟಿ ಸುತ್ತುತ್ತಾರೆ, ಎದೆಯ ಮೇಲೆ ಏನೂ ಇರಕೂಡದು. ಅವ್ವ ತಕರಾರು ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಶಿವದಾರ ಬಿಚ್ಚಿ ನನ್ನ ತೋಳಿಗೆ ಸುತ್ತಿ ಕಟ್ಟಿದಳು, ಮುಂದೆ ಏನು ಮಾಡಬೇಕು ಎಂದು ಕಾಂಪೌಂಡರನ್ನು ಕೇಳಿದಳು. ಮೊಟ್ಟೆಯ ವಿಷಯದಲ್ಲೂ ಹಾಗೇ. ದಿನಾ ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದಾಗ ಅಪ್ಪಾಜಿ ನೆಲ ನೋಡಿದರು. ನಮ್ಮ ಅಡುಗೆಮನೆಗೆ ಅದು ಬರುವ ಹಾಗಿರಲಿಲ್ಲ. ಕಣ್ಣಮ್ಮ ತನ್ನ ಮನೆಯಲ್ಲಿ ಬಿಸಿ ಹಾಲಿಗೆ ಹೊಡೆದು ಹಾಕಿ ತಂದುಕೊಡುತ್ತಿದ್ದಳು. ಅವ್ವ ಬಾಗಿಲಲ್ಲಿ ಲೋಟ ಈಸಿಕೊಂಡು, ಒಳಗೇನಿದೆ ಎಂದು ನೋಡದೆ ನನ್ನ ಬಾಯಿಗೆ ಹಿಡಿಯುತ್ತಿದ್ದಳು.

ಮಲಗಿದ್ದ ಕಾಲದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮೊದಲು ಆಸ್ಪತ್ರೆಯಲ್ಲಿ, ಆಮೇಲೆ ಮನೆಯಲ್ಲಿ. ಒಂದು ಮಳೆಗಾಲ ಬಂದು ಹೋಯಿತು, ಬೇಸಗೆ ಬಂತು. ಬೇಸಗೆಯಲ್ಲಿ ಪ್ಲಾಸ್ಟರಿನೊಳಗೆ ಬೆವರು, ಕಡಿತ. ಅವ್ವ ಪೊರಕೆಯ ಹಂಚಿಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಒಳಗೆ ತೂರಿಸಿ ಕೆರೆಯುತ್ತಿದ್ದಳು. ದಿನಾ ಇಂಜೆಕ್ಷನ್, ಅದರಿಂದ ತಲೆ ಸುತ್ತು, ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ನೀರಿಗೆ ಕಲಸಿ ಕುಡಿಯುವ ಒಂದು ಪುಡಿ ಇತ್ತು, ಅದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಕಾರ್ಖಾನೆಯ ಸೈರನ್ನಿನಿಂದಲೇ ಬೆಳಗು, ಮಧ್ಯಾಹ್ನ ಗೊತ್ತಾಗುತ್ತಿತ್ತು. ಸವಳಂಗ ರಸ್ತೆಯ ಕಡೆಯವರೊಬ್ಬರು ನನ್ನನ್ನು ತಮ್ಮ ಮಗನಿಗೆ ಕೇಳಿದ್ದರು. ಅವರು ಬೇಡ ಎಂದು ಹೇಳಿ ಕಳಿಸಲಿಲ್ಲ, ಬರುವುದನ್ನು ನಿಲ್ಲಿಸಿದರು. ನನಗೆ ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

ಪ್ಲಾಸ್ಟರ್ ಕತ್ತರಿಸಿದ ದಿನ ನನ್ನ ಮೈ ನನಗೇ ಗುರುತು ಸಿಗಲಿಲ್ಲ. ಚರ್ಮ ಹಳೇ ಕಾಗದದಂತೆ ಉದುರುತ್ತಿತ್ತು. ತೊಡೆಗಳು ತೋಳಿನಷ್ಟಾಗಿದ್ದವು. ಎಬ್ಬಿಸಿ ಕೂರಿಸಿದರೆ ತಲೆಯೇ ನಿಲ್ಲುತ್ತಿರಲಿಲ್ಲ. ಕ್ಯಾನ್ವಾಸ್ ಬಟ್ಟೆಗೆ ಕಬ್ಬಿಣದ ಪಟ್ಟಿ ಹೊಲಿದ ಒಂದು ಬೆಲ್ಟು ಕೊಟ್ಟರು. ಅದನ್ನು ಕಟ್ಟಿಕೊಂಡು ನಿಲ್ಲಬಹುದು, ಆದರೆ ಅದನ್ನೇ ನಂಬಿಕೊಂಡರೆ ಬೆನ್ನಿನ ಮಾಂಸಖಂಡ ಸತ್ತುಹೋಗುತ್ತದೆ, ಇನ್ನು ಮುಂದೆ ದಿನಾ ವ್ಯಾಯಾಮ ಮಾಡಬೇಕು ಎಂದು ಡಾಕ್ಟರು ಹೇಳಿದರು. ನಾನು ಜನ್ಮದಲ್ಲಿ ವ್ಯಾಯಾಮ ಮಾಡಿದವಳಲ್ಲ. ಟ್ರೈನಿಂಗಿನಲ್ಲಿ ಡ್ರಿಲ್ ಕ್ಲಾಸಿನ ದಿನ ಏನಾದರೂ ನೆಪ ಹೇಳಿ ನೆರಳಲ್ಲಿ ಕೂರುತ್ತಿದ್ದೆ.

ಗ್ರೇಸಮ್ಮ ಎಂಬ ನರ್ಸು ವಾರ್ಡಿನ ನೆಲದ ಮೇಲೆ ಕಂಬಳಿ ಹಾಸಿ ತಾನೇ ಮಲಗಿ ತೋರಿಸಿದರು. ಮೊದಲು ಅಂಗಾತ ಮಲಗಿ ಪಕ್ಕೆಲುಬಿನ ಮೇಲೆ ಕೈಯಿಟ್ಟು ಉಸಿರು ಎಳೆಯುವುದು. ಆಮೇಲೆ ಒಂದೊಂದೇ ಕಾಲು ಎತ್ತುವುದು. ಆಮೇಲೆ ಬೋರಲು ಮಲಗಿ ತಲೆ ಎತ್ತುವುದು, ಅದು ಬಂದ ಮೇಲೆ ಎದೆ ಎತ್ತುವುದು. ಯಾವ ಕಾರಣಕ್ಕೂ ಮುಂದಕ್ಕೆ ಬಗ್ಗಬಾರದು. ಅವರಿಗೆ ಎಲ್ಲ ಬಹಳ ಸಲೀಸಾಗಿತ್ತು. ನಾನು ನೋಡುತ್ತಾ ಸುಮ್ಮನೆ ತಲೆಯಾಡಿಸಿದೆ. ಅವ್ವ ಗೋಡೆಗೆ ಒರಗಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮತ್ತೊಂದು ಸಲ ತೋರಿಸಿ ಎಂದು ಕೇಳಿದವಳೂ ಅವಳೇ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅಪ್ಪಾಜಿ ಪಾಳಿಗೆ ಹೋದ ಮೇಲೆ ಅವ್ವ ನಡುಮನೆಯಲ್ಲಿ ಚಾಪೆ ಹಾಸಿದಳು. ನನ್ನನ್ನು ಹಿಡಿದು ಕೆಳಗಿಳಿಸಿದಳು. ಉಸಿರಾಟವೇನೋ ಆಯಿತು. ಬಲಗಾಲು ಎತ್ತಲು ಹೋದಾಗ ಬೆನ್ನಿನೊಳಗೆ ಎಲ್ಲೋ ಏನೋ ಲಟಕ್ ಎಂದ ಹಾಗಾಯಿತು. ನೋವಾಗಲಿಲ್ಲ, ಬರೀ ಸದ್ದು. ನನ್ನ ಬೆನ್ನು ಮುರಿಯಿತು ಎಂದೇ ಅಂದುಕೊಂಡೆ. ಒಂದು ವರ್ಷಕ್ಕೂ ಮೇಲೆ ಅಲುಗಾಡಬೇಡ ಎಂದವರು ಈಗ ಅಲುಗಾಡು ಎನ್ನುತ್ತಿದ್ದರು. ಮೈ ಯಾವ ಮಾತನ್ನು ನಂಬಬೇಕು? ನಾನು ಅಳತೊಡಗಿದೆ. ಆಗುವುದಿಲ್ಲ, ಮಂಚಕ್ಕೆ ಹಾಕು, ನನ್ನನ್ನು ಬಿಟ್ಟುಬಿಡು ಎಂದೆ.

ಅವ್ವ ಎದ್ದು ಹೋಗಿ ಮುಂಬಾಗಿಲಿನ ಚಿಲಕ ಹಾಕಿದಳು. ಕಿಟಕಿ ಮುಚ್ಚಿದಳು. ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿದುಕೊಂಡು, ನನ್ನ ಚಾಪೆಯ ಪಕ್ಕದಲ್ಲಿ ಬರಿಯ ಗಾರೆಯ ನೆಲದ ಮೇಲೆ ಅಂಗಾತ ಮಲಗಿದಳು. ಐವತ್ತು ದಾಟಿದ್ದ ಹೆಂಗಸು. ಗ್ರೇಸಮ್ಮ ಹೇಳಿದ ಹಾಗೇ ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ಎಳೆದಳು. ಕಾಲು ಎತ್ತಿದಳು. ಆಮೇಲೆ ಹೊರಳಿ ಬೋರಲಾಗಿ ತಲೆ ಎತ್ತಲು ನೋಡಿದಳು. ಗಲ್ಲ ನೆಲದಿಂದ ಒಂದು ಬೆರಳಿನಷ್ಟು ಮೇಲೆ ಬಂತು, ಮತ್ತೆ ಧೊಪ್ಪನೆ ಬಿತ್ತು. ಏದುಸಿರು ಬಿಡುತ್ತಾ ನನ್ನ ಕಡೆ ಮುಖ ತಿರುಗಿಸಿದಳು.

"ಆ ನರ್ಸಮ್ಮ ಎಷ್ಟು ಸಲೀಸಾಗಿ ಮಾಡಿದ್ಲು ಮಾರಾಯ್ತಿ" ಎಂದಳು. "ನಂದೇನೂ ಮುರೀಲಿಲ್ಲ ನೋಡು. ನಿಂದೂ ಮುರಿಯಲ್ಲ. ಒಂದ್ಸಲ ಎತ್ತು."

ಎತ್ತಿದೆ. ಎಡಗಾಲು ಮಾತ್ರ. ಅದೂ ಹಿಮ್ಮಡಿ ಚಾಪೆ ಬಿಟ್ಟಿತೋ ಇಲ್ಲವೋ ಎನ್ನುವಷ್ಟು. ಆ ದಿನಕ್ಕೆ ಅಷ್ಟೇ.

ಹೀಗೆ ಶುರುವಾಯಿತು. ಅಪ್ಪಾಜಿಗೆ ಬೆಳಗಿನ ಪಾಳಿ ಇಲ್ಲದ ವಾರ ಅವ್ವ ಅವರನ್ನು ಲೋಟದ ಕಾಫಿಯ ಜೊತೆ ಹೊರಗಿನ ಕಟ್ಟೆಗೆ ಕಳಿಸುತ್ತಿದ್ದಳು. ಒಳಗೆ ಏನು ನಡೆಯುತ್ತಿದೆ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಒಂದು ಸಲ ಕಣ್ಣಮ್ಮ ಹಿತ್ತಿಲ ಬಾಗಿಲಿನಿಂದ ಹಾಲಿನ ಲೋಟ ಹಿಡಿದು ಬಂದವಳು ನಾವಿಬ್ಬರೂ ಬೋರಲು ಬಿದ್ದಿರುವುದನ್ನು ನೋಡಿ, ಏನೋ ಅನಾಹುತವಾಗಿದೆಯೆಂದು ಕೂಗಿಕೊಂಡಳು. ಆಮೇಲೆ ನೀರಿನ ನಲ್ಲಿಯ ಹತ್ತಿರ ಹೆಂಗಸರು ಅವ್ವನನ್ನು ಪೈಲ್ವಾನಮ್ಮ ಎಂದು ಕರೆಯತೊಡಗಿದರು. ಅವ್ವ ಅದಕ್ಕೆ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕೊಡ ತುಂಬಿಸಿಕೊಂಡು ಬರುತ್ತಿದ್ದಳು.

ಈ ಕಾಯಿಲೆ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನಾನು ಒಂದು ಮಾತು ನಿಜವಾಗಿ ಹೇಳಬೇಕು. ವಾಸಿಯಾಗುವುದು ಕಾಯಿಲೆಗಿಂತ ಬೇಸರದ ಕೆಲಸ. ಕಾಯಿಲೆಯಲ್ಲಿ ಮಲಗಿದ್ದರೆ ಸಾಕು, ಉಳಿದದ್ದನ್ನು ಬೇರೆಯವರು ಮಾಡುತ್ತಾರೆ. ವಾಸಿಯಾಗಬೇಕಾದರೆ ದಿನಾ ಬೆಳಿಗ್ಗೆ ನೀವೇ ಏಳಬೇಕು. ದಿನ ಕಳೆದಂತೆ ಹುರುಪು ಬರುತ್ತದೆ, ಆಮೇಲೆ ಬಿಡುತ್ತೇನೆಂದರೂ ಬಿಡಲಾಗುವುದಿಲ್ಲ ಎಂದು ಗ್ರೇಸಮ್ಮ ಹೇಳಿದ್ದರು. ನನಗೆ ಆ ಹುರುಪು ಬರಲೇ ಇಲ್ಲ. ಚಾಪೆ ಕಂಡರೆ ಮುಖ ತಿರುಗಿಸುತ್ತಿದ್ದೆ. ನಿನ್ನೆ ಎತ್ತಿದಷ್ಟು ಇವತ್ತು ಎತ್ತಲಾಗದ ದಿನಗಳೇ ಹೆಚ್ಚು. ಅವ್ವನಿಗೆ ಕಸರತ್ತು ನನಗಿಂತ ಬೇಗ ಬಂತು. ಒಂದು ದಿನ ಅವಳು ಎದೆ ಎತ್ತಿ ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಾ, ಈ ಚಿತ್ರದ ಶಿವನ ಕೊರಳಲ್ಲಿ ಎರಡು ಹಾವಿವೆ ಎಂದು ಹೇಳಿದಳು. ನಾನು ಇನ್ನೂ ಚಾಪೆಯ ಎಳೆ ನೋಡುತ್ತಿದ್ದೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಚಳಿಗಾಲದ ಹೊತ್ತಿಗೆ ಬೆಲ್ಟು ಕಟ್ಟಿಕೊಂಡು ಸಾಲುಮನೆಗಳ ತುದಿಯವರೆಗೆ ನಡೆಯುತ್ತಿದ್ದೆ. ಆಗ ಜ್ವರ ತಿರುಗಿ ಬಂತು. ಸಂಜೆಯ ಅದೇ ಸಣ್ಣ ಬಿಸಿ. ಮೊದಲು ಯಾರಿಗೂ ಹೇಳಲಿಲ್ಲ. ಅವ್ವ ಹಣೆ ಮುಟ್ಟಿ ತಿಳಿದುಕೊಂಡಳು. ಮತ್ತೆ ಶಿವಮೊಗ್ಗ, ಮತ್ತೆ ಒರಗಿಲ್ಲದ ಬೆಂಚು, ಮತ್ತೆ ಕಿಟಕಿಗೆ ಹಿಡಿದ ಫಿಲ್ಮು. ಹಳೆಯ ಜಾಗದ ಪಕ್ಕದಲ್ಲಿ ಕೀವು ಕಟ್ಟಿದೆ ಎಂದರು. ಅದನ್ನು ದಪ್ಪ ಸೂಜಿಯಿಂದ ತೆಗೆದರು. ಔಷಧ ಮುಂದುವರಿಯಬೇಕು, ವ್ಯಾಯಾಮ ನಿಲ್ಲಿಸಿ ಮತ್ತೆ ಮಲಗಬೇಕು ಎಂದರು. ವ್ಯಾಯಾಮ ಮಾಡಿದ್ದರಿಂದ ಹೀಗಾಯಿತೇ ಎಂದು ಅವ್ವ ಕೇಳಿದಳು. ಅಲ್ಲ, ಅದರಿಂದಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಕಂಬಕ್ಕೆ ಹಣೆ ಒತ್ತಿ ನಿಂತಿದ್ದಳು.

ನಾನು ಮಂಚಕ್ಕೆ ಮರಳಿದೆ. ಈ ಸಲ ನನಗೆ ಹೆದರಿಕೆಗಿಂತ ಹೆಚ್ಚಾಗಿ ಸುಸ್ತು. ಯಾರ ಜೊತೆಯೂ ಮಾತು ಬೇಡವಾಯಿತು. ಶಾಲೆಯ ಕೆಲಸ ಹೋದರೆ ಹೋಗಲಿ ಎನಿಸಿತು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ಚಿಲಕ ಹಾಕಿದಳು, ಚಾಪೆ ಹಾಸಿದಳು. ನಾನು ಮಂಚದಿಂದ ನೋಡುತ್ತಿದ್ದೆ. ಅವಳೊಬ್ಬಳೇ ಮಲಗಿ ಉಸಿರಿನಿಂದ ಶುರುಮಾಡಿ ಕೊನೆಯವರೆಗೂ ಮಾಡಿದಳು. ಮರುದಿನವೂ ಮಾಡಿದಳು. ಅದರ ಮರುದಿನವೂ. ನನಗೆ ಆ ದೃಶ್ಯ ನೋಡಲಾಗುತ್ತಿರಲಿಲ್ಲ. ನನ್ನನ್ನು ಅಣಕಿಸುತ್ತಿದ್ದಾಳೆ ಎನ್ನಿಸುವಷ್ಟು ನನ್ನ ಮನಸ್ಸು ಕೆಟ್ಟಿತ್ತು. ಗೋಡೆಯ ಕಡೆ ತಿರುಗಿ ಮಲಗಲೂ ನನಗೆ ಅನುಮತಿ ಇರಲಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿದೆ:

"ನಿನ್ ಬೆನ್ನಿಗೆ ಏನಾಗಿದೆ ಅಂತ ಮಾಡ್ತಿದೀಯ? ಯಾರಿಗೆ ತೋರ್ಸೋಕೆ?"

ಅವ್ವ ಬೋರಲು ಮಲಗಿದ್ದವಳು ಕೆನ್ನೆಯನ್ನು ನೆಲಕ್ಕಿಟ್ಟುಕೊಂಡೇ ಉತ್ತರ ಕೊಟ್ಟಳು.

"ಯಾವುದು ಮೊದ್ಲು, ಯಾವುದು ಆಮೇಲೆ ಅನ್ನೋದು ಮರ್ತು ಹೋಗುತ್ತಲ್ಲೇ. ನಂಗೆ ಓದೋಕೆ ಬರಲ್ಲ, ಬರ್ಕೊಳೋಕೆ ಬರಲ್ಲ. ಮೈಯಲ್ಲೇ ಇಟ್ಕೋಬೇಕು. ನೀನು ಏಳೋ ಹೊತ್ಗೆ ಹೇಳ್ಕೊಡೋಕೆ ಯಾರಾದ್ರೂ ಬೇಕಲ್ಲ."

ನಾನು ಏಳುತ್ತೇನೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅಪ್ಪಾಜಿ ಆಗಲೇ ಮಾತು ಕಡಿಮೆ ಮಾಡಿದ್ದರು. ನನಗಂತೂ ನಂಬಿಕೆ ಹೋಗಿತ್ತು. ಆದರೆ ಆ ದಿನದಿಂದ ಅವಳು ಮಾಡುವಾಗ ಕಣ್ಣು ಮುಚ್ಚುವುದನ್ನು ಬಿಟ್ಟೆ. ಅವಳು ಉಸಿರು ಎಳೆದಾಗ ನಾನೂ ಎಳೆದೆ. ಅಷ್ಟನ್ನು ಡಾಕ್ಟರು ಬೇಡ ಎಂದಿರಲಿಲ್ಲ.

ಮಾವಿನ ಕಾಯಿ ಬರುವ ಹೊತ್ತಿಗೆ ಜ್ವರ ಬಿಟ್ಟಿತು. ಹೊಸ ಫಿಲ್ಮು ನೋಡಿ ಡಾಕ್ಟರು ಮೊದಲ ಬಾರಿಗೆ ಹುಬ್ಬು ಸಡಿಲಿಸಿದರು. ನಾನು ಮತ್ತೆ ಚಾಪೆಗೆ ಇಳಿದೆ. ಎಲ್ಲ ಮೊದಲಿನಿಂದ. ಹಿಮ್ಮಡಿ ಬಿಟ್ಟಿತೋ ಇಲ್ಲವೋ ಎನ್ನುವಲ್ಲಿಂದ. ಅವ್ವ ಹೇಳಿಕೊಟ್ಟಳು. ನಾನು ಮೊಣಕಾಲು ಮಡಿಸಿದರೆ ತನ್ನ ಕಾಲಿನಿಂದಲೇ ನನ್ನ ಕಾಲನ್ನು ತಟ್ಟುತ್ತಿದ್ದಳು. ನಿಧಾನವಾಗಿ ಬೆಲ್ಟು ಬಿಚ್ಚಿಟ್ಟು ಕೂರುವುದು ಬಂತು, ಆಮೇಲೆ ನಿಲ್ಲುವುದು. ಸಂಜೆ ಹೊತ್ತು ಭದ್ರಾ ಸೇತುವೆಯವರೆಗೆ ನಡೆದೆವು. ಹೋಗುವಾಗ ಇಬ್ಬರೂ ಮಾತಾಡುತ್ತಿದ್ದೆವು, ಬರುವಾಗ ಇಬ್ಬರಿಗೂ ಉಸಿರಿರುತ್ತಿರಲಿಲ್ಲ.

ಹೆಡ್ಮಿಸ್ಟ್ರೆಸ್ ನನ್ನ ಜಾಗವನ್ನು ಹೇಗೋ ಉಳಿಸಿಟ್ಟಿದ್ದರು. ಇನ್ನು ತಮ್ಮ ಕೈಯಲ್ಲಿಲ್ಲ ಎಂದು ಹೇಳಿ ಕಳಿಸಿದರು. ಬೇಸಗೆ ರಜೆ ಮುಗಿದು ಶಾಲೆ ಶುರುವಾಗುವ ದಿನ ಆಸ್ಪತ್ರೆಯ ಸರ್ಟಿಫಿಕೇಟಿನ ಜೊತೆ ಬರಬೇಕು, ಇಲ್ಲದಿದ್ದರೆ ಬೇರೆಯವರನ್ನು ಹಾಕುತ್ತಾರೆ. ಮದುವೆಯ ದಾರಿ ಮುಚ್ಚಿದ್ದು ನನಗೂ ಅವ್ವನಿಗೂ ಗೊತ್ತಿತ್ತು. ಬೆನ್ನಲ್ಲಿ ಆ ಗೂನು ಉಳಿದೇ ಉಳಿಯುತ್ತದೆ ಎಂದು ಹೇಳಿದ್ದರು. ಈ ಕೆಲಸವೂ ಹೋದರೆ ನನ್ನ ಮುಂದೆ ಆ ಮಂಚ ಬಿಟ್ಟು ಬೇರೇನೂ ಇರಲಿಲ್ಲ.

ಆಸ್ಪತ್ರೆಗೆ ಅವ್ವನೇ ಬಂದಳು. ರೈಲಿನಲ್ಲಿ ಸೀಟಿದ್ದರೂ ನಾನು ಕೂರಲಿಲ್ಲ, ಕೂತರೆ ಬಿಗಿಯುತ್ತದೆಯೇನೋ ಎಂಬ ಭಯ. ಅವಳೂ ನನ್ನ ಜೊತೆ ನಿಂತೇ ಬಂದಳು. ಬೆಂಚಿನ ಮೇಲೆ ಕಾಯುವಾಗ ಅವಳು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಪ್ರಾರ್ಥನೆ ಇರಬೇಕೆಂದುಕೊಂಡೆ. ಕಿವಿಗೊಟ್ಟು ಕೇಳಿದರೆ, ಉಸಿರು, ಬಲಗಾಲು, ಎಡಗಾಲು, ಬೋರಲು ಎನ್ನುತ್ತಿದ್ದಳು.

ಒಳಗೆ ನನ್ನೊಬ್ಬಳನ್ನೇ ಕರೆದರು. ಡಾಕ್ಟರು ಬೆನ್ನಿನ ಮೇಲೆ ಒಂದೊಂದೇ ಗಿಣ್ಣು ಒತ್ತಿ ನೋಡಿದರು. ಹಿಮ್ಮಡಿಯ ಮೇಲೆ ನಡೆಯಲು ಹೇಳಿದರು. ನೆಲದ ಮೇಲಿದ್ದ ನನ್ನ ಚಪ್ಪಲಿಯನ್ನು ಎತ್ತಿಕೊಳ್ಳಲು ಹೇಳಿದರು. ಬೆನ್ನು ನೆಟ್ಟಗಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತು ಎತ್ತಿಕೊಂಡೆ. ಕೊನೆಗೆ ಎತ್ತರದ ಮೇಜಿನ ಮೇಲೆ ಬೋರಲು ಮಲಗಿ ಎದೆ ಎತ್ತಿ ಹಿಡಿ, ಸಾಕು ಎನ್ನುವವರೆಗೆ ಇಳಿಸಬೇಡ ಎಂದರು. ಎತ್ತಿದೆ. ಎದುರಿಗೆ ಕಿಟಕಿ, ಅದರಾಚೆ ಒಂದು ಬೇವಿನ ಮರ, ಮರದ ಕೆಳಗೆ ಸೈಕಲ್ ಒರೆಸುತ್ತಿದ್ದ ಒಬ್ಬ ಮನುಷ್ಯ. ಅವನು ಹ್ಯಾಂಡಲ್ ಒರೆಸಿದ, ಸೀಟು ಒರೆಸಿದ, ಚಕ್ರದ ಕಂಬಿಗಳಿಗೆ ಕೈ ಹಾಕಿದ. ನನ್ನ ಮೈಯೆಲ್ಲ ನಡುಗತೊಡಗಿತು. ಡಾಕ್ಟರು ಸಾಕು ಎನ್ನಲಿಲ್ಲ. ಅವನು ಹಿಂದಿನ ಚಕ್ರಕ್ಕೆ ಬಂದ ಮೇಲೆ ಸಾಕು ಎಂದರು.

ಆಮೇಲೆ ಕೂತು ಸರ್ಟಿಫಿಕೇಟು ಬರೆಯತೊಡಗಿದರು. ನಾನು ಮೇಜಿನಿಂದ ಇಳಿಯಲಾರದೆ ಹಾಗೇ ಬಿದ್ದಿದ್ದೆ. "ಭಾರ ಎತ್ತಬೇಡಮ್ಮ, ವ್ಯಾಯಾಮ ಬಿಡಬೇಡ. ಶಾಲೆಗೆ ಹೋಗು" ಎಂದರು.

ಹೊರಗೆ ಬಂದೆ. ಅವ್ವ ಬೆಂಚಿನಿಂದ ಎದ್ದು ನಿಂತಳು. ಆಯ್ತು ಅವ್ವಾ, ಕೊಟ್ಟರು ಎಂದೆ. ಅವಳು ನನ್ನ ಮುಖ ನೋಡಿದಳು, ಕಾಗದ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಮತ್ತೆ ಬೆಂಚಿಗೂ ಹೋಗದೆ, ಜನ ಓಡಾಡುವ ಆ ಪಡಸಾಲೆಯ ನೆಲದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಅವಳು ಕಾಲು ನೀವಿಕೊಳ್ಳುತ್ತಾ ಹೇಳಿದಳು.

"ನಾಳೆಯಿಂದ ನಾನು ಮಾಡಲ್ಲ ಕಣೇ ಗಿರಿಜಾ. ಇನ್ನು ನೀನೊಬ್ಳೇ ಮಾಡ್ಕೋ. ನಂಗೆ ಸಾಕಾಗಿ ಹೋಗಿದೆ. ಒಂದು ದಿನಾನೂ ಇಷ್ಟ ಆಗ್ಲಿಲ್ಲ ಅದು ನಂಗೆ."

ಅಲ್ಲಿಯವರೆಗೆ, ಅವಳಿಗೆ ಅದು ಸುಲಭ ಎಂದೇ ನಾನು ತಿಳಿದಿದ್ದೆ. ಬೆಳಿಗ್ಗೆ ನನಗಿಂತ ಮೊದಲೆದ್ದು ನೀರು ಹೊತ್ತು, ಒಲೆ ಹಚ್ಚಿ, ಅಪ್ಪಾಜಿಯ ಬುತ್ತಿ ಕಟ್ಟಿ, ಆಮೇಲೆ ಆ ನೋಯುವ ಬೆನ್ನನ್ನು ತಣ್ಣನೆಯ ಗಾರೆಯ ಮೇಲೆ ಚಾಚುತ್ತಿದ್ದಳು. ಅವಳಿಗೆ ಏನನ್ನಿಸುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಸರಿ ಅವ್ವಾ ಎಂದೆ. ರೈಲಿನ ಹೊತ್ತಾಗುವವರೆಗೆ ಅಲ್ಲೇ ಕೂತಿದ್ದೆವು.

ಮರುದಿನ ಅಪ್ಪಾಜಿ ಸದ್ದು ಮಾಡದೆ ಪಾಳಿಗೆ ಹೋಗಿದ್ದರು. ನನಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಅವ್ವ ಇನ್ನೂ ಮಲಗಿದ್ದಳು, ಒಂದು ಮಗ್ಗುಲಾಗಿ, ಬಾಯಿ ಸ್ವಲ್ಪ ತೆರೆದು. ಬೆಳಕಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವಳಿಗೆ ಎಚ್ಚರವಾಗದ ಹಾಗೆ ಚಾಪೆಯನ್ನು ಅಡುಗೆಮನೆಯ ಬಾಗಿಲ ಹತ್ತಿರ ಎಳೆದುಕೊಂಡು ಹಾಸಿದೆ. ಉಸಿರಿನಿಂದ ಶುರುಮಾಡಿದೆ. ಪಕ್ಕದಲ್ಲಿ ಯಾರೂ ಇಲ್ಲದೆ ಅದು ಇನ್ನೂ ಉದ್ದ ಎನಿಸಿತು. ಎರಡು ಸಲ ನಡುವೆ ಬಿಟ್ಟುಬಿಡೋಣ ಎನಿಸಿತು. ಕೊನೆಯವರೆಗೆ ಮಾಡಿದೆ. ಎದ್ದು ಒಲೆ ಹಚ್ಚಿ ಕಾಫಿಗೆ ನೀರಿಟ್ಟೆ.

ಅವ್ವ ಎದ್ದವಳು ಕಿಟಕಿಯ ಬಿಸಿಲು ನೋಡಿ ಗಾಬರಿಯಾದಳು. ಅಪ್ಪಾಜಿ ತಾವೇ ತಂಗಳು ಕಟ್ಟಿಕೊಂಡು ಹೋಗಿದ್ದಾರೆ ಎಂದು ಹೇಳಿ ಲೋಟ ಕೈಗೆ ಕೊಟ್ಟೆ. ಅವಳು ಹಾಸಿಗೆಯ ಮೇಲೇ ಕೂತು ಕಾಫಿ ಕುಡಿದಳು.

"ಮಾಡಿದ್ಯಾ?" ಎಂದಳು.

ಮಾಡಿದೆ ಎಂದೆ.

ಅವಳು ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು, ಹೊದಿಕೆ ಎಳೆದುಕೊಂಡು, ಮತ್ತೆ ಮಗ್ಗುಲಾದಳು.